ಹರಾಜು ಸೈಟ್‌ನಲ್ಲಿ ಹಳೇ ಲೆನ್ಸ್‌ಗಳ ವ್ಯವಹಾರ: ಎರಡೂ ಕಡೆಯಿಂದ ಕಂಡ ಮೋಸ

ಹಳೇ ಕ್ಯಾಮೆರಾ, ಲೆನ್ಸ್‌ಗಳನ್ನು ಒಂದೇ ಹರಾಜು ಸೈಟ್‌ನಲ್ಲಿ ವರ್ಷಗಳಿಂದ ಕೊಳ್ಳುತ್ತಿದ್ದೇನೆ, ಮಾರುತ್ತಲೂ ಇದ್ದೇನೆ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಬೇರೆಲ್ಲೂ ಸಿಗದ ಲೆನ್ಸ್‌ಗಳು ಇಲ್ಲಿ ಸಿಕ್ಕಿವೆ. ಎರಡು ಸ್ಟಾರ್ ಕಡಿಮೆ ಮಾಡಿದ್ದು ಮೋಸಗಾರರ ವಿಷಯದಲ್ಲಿ ಸೈಟ್ ನಡೆದುಕೊಳ್ಳುವ ರೀತಿಗೆ.

ಮಾರುವವರ ಕೆಲವು ಮೋಸ ನೋಡಿದ ಕೂಡಲೇ ಗೊತ್ತಾಗುತ್ತದೆ. ಫೋಟೋ ಬೇರೆ ಎಲ್ಲಿಂದಲೋ ತಂದದ್ದಾಗಿರುತ್ತದೆ. ಇಲ್ಲವೇ ‘ಟೆಸ್ಟ್ ಮಾಡಿಲ್ಲ, ಇದ್ದ ಹಾಗೇ ಕೊಡ್ತೀನಿ’ ಎಂಬ ಸಾಲು ಇರುತ್ತದೆ. ಲೆನ್ಸ್ ಒಳಗೆ ಫಂಗಸ್ ಇದೆಯಾ ಅಂತ ನೋಡುವುದಕ್ಕೆ ಒಂದು ಟಾರ್ಚ್ ಸಾಕು. ಅಷ್ಟೂ ನೋಡಿಲ್ಲ ಅನ್ನುವವರು ನೋಡಿಯೂ ಹೇಳುತ್ತಿಲ್ಲ ಅಂತಲೇ ನನ್ನ ಲೆಕ್ಕ. ‘ಸೈಟ್‌ನ ಹೊರಗೆ ನೇರವಾಗಿ ದುಡ್ಡು ಹಾಕಿ, ಕಡಿಮೆಗೆ ಕೊಡ್ತೀನಿ’ ಅಂದವರಿಗೆ ನಾನು ಉತ್ತರವನ್ನೇ ಕೊಡುವುದಿಲ್ಲ. ಹೊರಗೆ ಹೋದ ದುಡ್ಡಿಗೆ ಸೈಟ್ ಜವಾಬ್ದಾರಿ ಹೊರುವುದಿಲ್ಲ.

ಸುಲಭವಾಗಿ ಕಣ್ಣಿಗೆ ಬೀಳದ್ದು ಕಳ್ಳ ಬಿಡ್. ಮಾರುವವನೇ ಇನ್ನೊಂದು ಅಕೌಂಟ್‌ನಿಂದಲೋ ಗೆಳೆಯನ ಕೈಲೋ ಬಿಡ್ ಹಾಕಿಸಿ ಬೆಲೆ ಏರಿಸುತ್ತಾನೆ. ಹರಾಜು ನಡೆಯುವ ಕ್ರಮವೇ ಅವನಿಗೆ ಅನುಕೂಲ. ನಾವು ನಮ್ಮ ಗರಿಷ್ಠ ಬೆಲೆ ಬರೆದಿಡುತ್ತೇವೆ. ಬೇರೆಯವರು ಏರಿಸಿದಂತೆ ಸೈಟ್ ನಮ್ಮ ಪರವಾಗಿ ಸ್ವಲ್ಪ ಸ್ವಲ್ಪವೇ ಏರಿಸುತ್ತದೆ. ಕೊನೆಗೆ ಎರಡನೆಯವನ ಬಿಡ್‌ಗಿಂತ ತುಸು ಜಾಸ್ತಿ ಕೊಟ್ಟರೆ ವಸ್ತು ನಮ್ಮದು. ಆ ಎರಡನೆಯವನೇ ಸುಳ್ಳಾದರೆ? ಅವನು ನಮ್ಮ ಗರಿಷ್ಠ ಎಲ್ಲಿದೆ ಅಂತ ತಡಕುತ್ತಾ ಬರುತ್ತಾನೆ. ಅಕಸ್ಮಾತ್ ದಾಟಿಹೋದರೆ, ‘ಗೆದ್ದವರು ದುಡ್ಡು ಕೊಡಲಿಲ್ಲ, ನಿಮ್ಮ ಬಿಡ್‌ಗೇ ಕೊಡ್ತೀನಿ’ ಅಂತ ನಮಗೆ ಮೆಸೇಜ್ ಬರುತ್ತದೆ. ಇಂಥ ಮೆಸೇಜ್ ಬಂದಾಗೆಲ್ಲ ನಾನು ಬಿಡ್ ಪಟ್ಟಿ ತೆರೆದು ನೋಡುತ್ತೇನೆ. ಒಂದು ಅಕೌಂಟ್ ಬರೀ ಒಬ್ಬನ ವಸ್ತುಗಳಿಗೇ ಬಿಡ್ ಹಾಕುತ್ತಾ ಏನನ್ನೂ ಗೆಲ್ಲುತ್ತಿಲ್ಲ ಅಂದರೆ ಅನುಮಾನ ಬರಲೇಬೇಕು ಅಲ್ವಾ? ಅದಕ್ಕೇ ಕೊನೆಯ ಕೆಲವು ಸೆಕೆಂಡುಗಳಲ್ಲಿ ಒಂದೇ ಬಿಡ್ ಹಾಕಿ ಸುಮ್ಮನಾಗುತ್ತೇನೆ. ತಡಕುವುದಕ್ಕೆ ಅವನಿಗೆ ಸಮಯವೇ ಸಿಗುವುದಿಲ್ಲ.

ಇದು ಹೊಸ ಆಟವೂ ಅಲ್ಲ. 2000ದಲ್ಲಿ ಈಬೇ ಎಂಬ ಅಮೆರಿಕದ ಹರಾಜು ಸೈಟ್‌ನಲ್ಲಿ 25 ಸೆಂಟ್‌ಗೆ ಶುರುವಾದ ಒಂದು ಪೇಂಟಿಂಗ್ 1,35,805 ಡಾಲರ್‌ವರೆಗೆ ಹೋಯಿತು. ರಿಚರ್ಡ್ ಡೀಬೆನ್‌ಕಾರ್ನ್ ಎಂಬ ಹೆಸರಾಂತ ಕಲಾವಿದನದ್ದು ಅಂತ ಜನ ನಂಬಿದ್ದರು. ಮಾರಿದವನು ಬೇರೆ ಅಕೌಂಟ್‌ನಿಂದ ತಾನೇ ಬಿಡ್ ಹಾಕಿದ್ದು ಬಯಲಾಗಿ ಮಾರಾಟ ರದ್ದಾಯಿತು. ಮರುವರ್ಷ ಮೂವರ ಮೇಲೆ ಕೇಸ್ ಬಿತ್ತು. ಅದಾಗಿ ಇಷ್ಟು ವರ್ಷವಾದರೂ ಕಳ್ಳ ಬಿಡ್ ಬಗ್ಗೆ ನಾನು ಕೊಟ್ಟ ದೂರುಗಳಿಗೆ ಬರುವುದು ‘ಪರಿಶೀಲಿಸುತ್ತೇವೆ’ ಎಂಬ ಒಂದೇ ಸಾಲಿನ ಉತ್ತರ.

ಕೊಳ್ಳುವವರ ಮೋಸದ ಬಗ್ಗೆ ಮಾತಾಡುವವರು ಕಡಿಮೆ. ನಾನು ಚೊಕ್ಕವಾಗಿದ್ದ ಒಂದು ಲೆನ್ಸ್ ಮಾರಿದ್ದೆ. ‘ಫಂಗಸ್ ಇದೆ’ ಅಂತ ವಾಪಸ್ ಬಂತು. ಡಬ್ಬಿ ತೆರೆದರೆ ಅದೇ ಮಾಡೆಲ್‌ನ ಬೇರೆ ಲೆನ್ಸ್. ಸೀರಿಯಲ್ ನಂಬರ್ ಬೇರೆ, ಒಳಗೆಲ್ಲ ಫಂಗಸ್. ತನ್ನ ಕೆಟ್ಟ ಲೆನ್ಸ್ ನನಗೆ ದಾಟಿಸಿ ನನ್ನ ಒಳ್ಳೆಯದನ್ನು ಇಟ್ಟುಕೊಂಡಿದ್ದ. ಪಾರ್ಸೆಲ್ ನನ್ನ ಮನೆಗೆ ತಲುಪಿದೆ ಅಂತ ಟ್ರ್ಯಾಕಿಂಗ್‌ನಲ್ಲಿ ಕಂಡ ಕೂಡಲೇ ಸೈಟ್ ಅವನಿಗೆ ರೀಫಂಡ್ ಕೊಟ್ಟುಬಿಟ್ಟಿತು. ಕಳಿಸುವ ಮುಂಚೆ ತೆಗೆದಿದ್ದ ಫೋಟೋಗಳನ್ನು ಮತ್ತೆ ಮತ್ತೆ ಕಳಿಸಿ, ಜಗಳವಾಡಿ, ಕೊನೆಗೂ ದುಡ್ಡು ವಾಪಸ್ ಪಡೆದೆ. ಆದರೆ ಆ ಅಕೌಂಟ್ ಇನ್ನೂ ಹಾಗೇ ಇದೆ. ಈ ಕ್ಷಣಕ್ಕೂ ಅವನು ಬೇರೆಯವರ ವಸ್ತುಗಳಿಗೆ ಬಿಡ್ ಹಾಕಬಹುದು. ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಇದಕ್ಕೆ.

ಇನ್ನೊಂದು ಬಗೆ ಬೆದರಿಕೆಯದು. ಲೆನ್ಸ್ ಮೇಲೆ ಗೀರಿದೆ, ಅರ್ಧ ದುಡ್ಡು ವಾಪಸ್ ಕೊಡಿ, ಇಲ್ಲದಿದ್ದರೆ ಕೆಟ್ಟ ಫೀಡ್‌ಬ್ಯಾಕ್ ಹಾಕ್ತೀನಿ ಅನ್ನುತ್ತಾರೆ. ಗೀರು ತೋರಿಸಿ ಅಂದರೆ ಫೋಟೋ ಬರುವುದಿಲ್ಲ.

ಫೀಡ್‌ಬ್ಯಾಕ್ ಅನ್ನೋದೇ ಇಲ್ಲಿ ಎಲ್ಲದರ ಬೇರು. ಮೊದಲೆಲ್ಲ ಈಬೇನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕೆಟ್ಟ ಅಂಕ ಕೊಡಬಹುದಿತ್ತು. ಮಾರುವವನು ಸೇಡು ತೀರಿಸಿಕೊಂಡಾನು ಅಂತ ಮೋಸಹೋದವರೂ ಬಾಯಿ ಮುಚ್ಚಿಕೊಂಡಿರುತ್ತಿದ್ದರು. 2008ರಲ್ಲಿ ಅದನ್ನು ಬದಲಾಯಿಸಿ, ಮಾರುವವರು ಕೊಳ್ಳುವವರಿಗೆ ಕೆಟ್ಟ ಅಂಕ ಕೊಡುವಂತಿಲ್ಲ ಅಂದರು. ಕೊಳ್ಳುವವರ ಭಯ ಹೋಯಿತು, ಸರಿ. ಆದರೆ ಬೆದರಿಸುವವರಿಗೆ ದಾರಿ ತೆರೆಯಿತು. ನಾನು ಬಳಸುವ ಸೈಟ್‌ನಲ್ಲೂ ಇದೇ ನಿಯಮ.

ಒಳ್ಳೆಯ ಅಂಕಕ್ಕೆ ನಿಜವಾಗಿಯೂ ಬೆಲೆ ಇದೆ. ಹಳೇ ಪೋಸ್ಟ್‌ಕಾರ್ಡ್‌ಗಳನ್ನು ಈಬೇನಲ್ಲಿ ಮಾರಿ ಮಾಡಿದ ಒಂದು ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾಗಿತ್ತು. ಅದೇ ಬಗೆಯ ಕಾರ್ಡ್‌ಗಳಿಗೆ ಹೊಸ ಅಕೌಂಟ್‌ಗಿಂತ ಹೆಸರು ಮಾಡಿದ ಅಕೌಂಟ್‌ಗೆ ಕೊಳ್ಳುವವರು ಸುಮಾರು 8 ಶೇಕಡ ಜಾಸ್ತಿ ಕೊಡಲು ತಯಾರಿದ್ದರು. ಮೋಸಗಾರರಿಗೂ ಇದು ಚೆನ್ನಾಗಿ ಗೊತ್ತು. ಚಿಕ್ಕಪುಟ್ಟ ವಸ್ತು ಮಾರಿ ಅಂಕ ಕೂಡಿಹಾಕುತ್ತಾರೆ, ಆಮೇಲೆ ದುಬಾರಿ ಕ್ಯಾಮೆರಾ ಹಾಕಿ ದುಡ್ಡಿನ ಜೊತೆ ಮಾಯವಾಗುತ್ತಾರೆ. ಹಾಗಾಗಿ ನಾನು ಒಟ್ಟು ಅಂಕ ನೋಡಿ ನಂಬುವುದನ್ನು ಬಿಟ್ಟಿದ್ದೇನೆ. ಇತ್ತೀಚೆಗೆ ಏನು ಮಾರಿದ್ದಾರೆ, ಅದೇ ಬೆಲೆಯ ವಸ್ತುವಿಗೆ ಕೊಂಡವರು ಏನು ಬರೆದಿದ್ದಾರೆ ಅಂತ ನೋಡುತ್ತೇನೆ. ಬಿಡ್ ಹಾಕುವ ಮುಂಚೆ ಸೀರಿಯಲ್ ನಂಬರ್ ಕಾಣುವ ಹೊಸ ಫೋಟೋ ಕೇಳುತ್ತೇನೆ. ಪ್ರಾಮಾಣಿಕರು ಸಂತೋಷದಿಂದ ಕಳಿಸುತ್ತಾರೆ.

ಮಾರುವಾಗ ಸೀರಿಯಲ್ ನಂಬರ್ ಸಮೇತ ಪ್ಯಾಕಿಂಗ್ ಪೂರ್ತಿ ವೀಡಿಯೋ ಮಾಡುತ್ತೇನೆ, ಸಹಿ ಹಾಕಿಸಿಕೊಂಡು ಕೊಡುವ ಡೆಲಿವರಿಯನ್ನೇ ಆರಿಸುತ್ತೇನೆ. ದುಬಾರಿ ಲೆನ್ಸ್‌ಗಳನ್ನು ಮಾತ್ರ ಇಲ್ಲಿ ಮಾರುವುದನ್ನು ನಿಲ್ಲಿಸಿದ್ದೇನೆ. ಸೈಟ್‌ನವರು ಪ್ರತಿ ಮಾರಾಟದಲ್ಲೂ ಕಮಿಷನ್ ತೆಗೆದುಕೊಳ್ಳುತ್ತಾರೆ. ರೀಫಂಡ್ ಕೊಡುವ ಮುಂಚೆ, ವಾಪಸ್ ಬಂದದ್ದು ಕಳಿಸಿದ ವಸ್ತುವೇ ಅಂತ ನಂಬರ್ ತಾಳೆ ನೋಡುವಷ್ಟು ಕೆಲಸವನ್ನಾದರೂ ಅವರು ಮಾಡಬೇಕು.