ಸ್ಮ್ಯಾಪ್ ಲವಣಾಂಶ ದತ್ತಾಂಶ: ನಡುಗಡಲಿಗೆ ಸೈ, ದಡಕ್ಕೆ ನೆಚ್ಚಬೇಡಿ

ನಾಸಾದ ಸ್ಮ್ಯಾಪ್ ಉಪಗ್ರಹ 2015ರ ಜನವರಿ 31ರಂದು ಹಾರಿದ್ದು ಮಣ್ಣಿನ ತೇವ ಅಳೆಯಲು. ಕಡಲಿನ ಉಪ್ಪು ಅದಕ್ಕೆ ಉಪಕಸುಬು. ಆದರೂ ಬಂಗಾಳ ಕೊಲ್ಲಿಯ ಮೇಲ್ಮೈ ಲವಣಾಂಶ ಬೇಕೆಂದವರು ಮೊದಲು ಇಳಿಸಿಕೊಳ್ಳಬೇಕಾದದ್ದು ಇದನ್ನೇ, ಅದರಲ್ಲೂ ರಿಮೋಟ್ ಸೆನ್ಸಿಂಗ್ ಸಿಸ್ಟಮ್ಸ್ ಎಂಬ ಸಂಸ್ಥೆ ತಯಾರಿಸುವ ಎಂಟು ದಿನಗಳ ಸರಾಸರಿ ಕಡತಗಳನ್ನು. ನಾಸಾದ ದತ್ತಾಂಶ ತಾಣ ಅರ್ಥ್‌ಡೇಟಾದಲ್ಲಿ ಖಾತೆಯೊಂದಿದ್ದರೆ ಸಾಕು, ಉಚಿತ.

ಆರು ಮೀಟರಿನ ಜಾಲರಿ ಆಂಟೆನಾ ನಿಮಿಷಕ್ಕೆ 14.6 ಸುತ್ತು ತಿರುಗುತ್ತಾ, 1.41 ಗಿಗಾಹರ್ಟ್ಸ್‌ನಲ್ಲಿ ಕಡಲು ಹೊರಸೂಸುವ ಮೈಕ್ರೋವೇವ್ ಅಳೆಯುತ್ತದೆ. ಉಪ್ಪು ಏರಿದರೆ ಪ್ರಖರತಾ ತಾಪಮಾನ (ಆ ಮೈಕ್ರೋವೇವ್‌ನ ಬಲವನ್ನು ಕೆಲ್ವಿನ್‌ನಲ್ಲಿ ಹೇಳುವ ಅಳತೆ) ಇಳಿಯುತ್ತದೆ. ಬೆಚ್ಚನೆಯ ನೀರಿನಲ್ಲಿ 1 ಪಿಎಸ್‌ಯುಗೆ (ಲವಣಾಂಶದ ಮಾನ, ಹೆಚ್ಚುಕಡಿಮೆ ಕಿಲೋ ನೀರಿಗೆ ಒಂದು ಗ್ರಾಂ ಉಪ್ಪು) ಸುಮಾರು ಅರ್ಧ ಕೆಲ್ವಿನ್. ತಣ್ಣೀರಿನಲ್ಲಿ ಅದೂ ಅರ್ಧವಾಗುತ್ತದೆ, ಹಾಗಾಗಿ ಧ್ರುವದ ಕಡಲುಗಳಲ್ಲಿ ಇದೇ ಉಪಕರಣ ತಡಕಾಡುತ್ತದೆ. ನಮ್ಮ ಕಡಲು ಬೆಚ್ಚಗಿರುವುದು ಅದೃಷ್ಟ.

ಮಳೆಗಾಲ ಮುಗಿದ ಮೇಲೆ ಗಂಗಾ–ಬ್ರಹ್ಮಪುತ್ರದ ಸಿಹಿನೀರು ಪೂರ್ವ ಕರಾವಳಿಗುಂಟ ತೆಳು ಪಟ್ಟಿಯಾಗಿ ದಕ್ಷಿಣಕ್ಕೆ ಇಳಿಯುವುದು ಇದರಲ್ಲಿ ಕಾಣುತ್ತದೆ. ಚಳಿಗಾಲದಲ್ಲಿ ಕೊಲ್ಲಿಯ ನೀರು ಶ್ರೀಲಂಕಾ ಬಳಸಿ ಲಕ್ಷದ್ವೀಪದ ಕಡೆ ಬರುವುದೂ ಸಿಗುತ್ತದೆ. ಇದಕ್ಕೂ ಹಿಂದೆ ಲವಣಾಂಶ ಅಳೆದ ನಾಸಾದ ಉಪಕರಣ ಅಕ್ವೇರಿಯಸ್‌ಗೆ ಇಷ್ಟು ಕಿರಿದಾದ ಪಟ್ಟಿ ಬಿಡಿಸಿ ತೋರಿಸುವ ಶಕ್ತಿ ಇರಲಿಲ್ಲ.

ತೊಂದರೆಯೆಲ್ಲ ದಡದಲ್ಲಿ. ನೆಲದ ಪ್ರಖರತಾ ತಾಪಮಾನ 250 ಕೆಲ್ವಿನ್ ಆಸುಪಾಸು, ಕಡಲಿನದು 100ರ ಹತ್ತಿರ. ಆಂಟೆನಾದೊಳಗೆ ನೆಲದ ಸಂಕೇತ ಶೇ. 1ರಷ್ಟು ನುಸುಳಿದರೂ 1.5 ಕೆಲ್ವಿನ್, ಅಂದರೆ ಸುಮಾರು 3 ಪಿಎಸ್‌ಯು ತಪ್ಪು. ತಿದ್ದುಪಡಿ ಮಾಡಿರುತ್ತಾರೆ, ಪೂರ್ತಿ ಹೋಗುವುದಿಲ್ಲ. ಕಾನೂನು ಮೀರಿ ಈ ಬ್ಯಾಂಡಿನಲ್ಲಿ ಪ್ರಸಾರ ಮಾಡುವ ನೆಲದ ಟ್ರಾನ್ಸ್‌ಮಿಟರ್‌ಗಳ ಗದ್ದಲವೂ ಸೇರಿಕೊಳ್ಳುತ್ತದೆ. ಕೆಟ್ಟದ್ದೇನೆಂದರೆ, ಈ ಎರಡೂ ಕಾರಣಗಳು ಪ್ರಖರತಾ ತಾಪಮಾನವನ್ನು ಏರಿಸುವುದರಿಂದ ಉಪ್ಪು ಕಡಿಮೆಯಾದಂತೆ ಕಾಣುತ್ತದೆ; ನದಿನೀರೆಂದು ಮೋಸ ಹೋಗುವುದು ಸುಲಭ. ಅದೇ ಜಾಗದ ಮಾರ್ಚ್–ಏಪ್ರಿಲ್ ನಕ್ಷೆ ತೆರೆಯಿರಿ. ನದಿ ಒಣಗಿರುವಾಗಲೂ ಅದೇ ಕಲೆ ಕದಲದೆ ಕೂತಿದ್ದರೆ ಅನುಮಾನಿಸಿ. ನೇತ್ರಾವತಿ, ಕಾಳಿ ಅಳಿವೆಗಳಿಗಂತೂ ಇದನ್ನು ಬಳಸಲೇಬೇಡಿ.

ಕಡತದಲ್ಲಿ 70 ಮತ್ತು 40 ಕಿ.ಮೀ. ವಿಭೇದನದ (ಬಿಡಿಸಿ ತೋರಿಸಬಲ್ಲ ಅಗಲದ) ಎರಡೂ ರೂಪಗಳಿವೆ. 40 ಎಂದೊಡನೆ ಆಸೆಯಾಗುತ್ತದೆ, ಆದರೆ ಗದ್ದಲ ಜಾಸ್ತಿ, 70ರದ್ದೇ ತೆಗೆದುಕೊಳ್ಳಿ. ಕಾಲು ಡಿಗ್ರಿ ಚೌಕಗಳಲ್ಲಿ ಕೊಡುತ್ತಾರೆಂದು ನಿಜವಾದ ವಿಭೇದನವೂ ಅಷ್ಟೇ ಎಂದುಕೊಳ್ಳಬೇಡಿ. ದಿನಕ್ಕೊಂದು ಕಡತ ಬರುತ್ತದಾದರೂ ಅಕ್ಕಪಕ್ಕದ ಎರಡು ಕಡತಗಳಲ್ಲಿ ಏಳು ದಿನ ಒಂದೇ. ಸಂಖ್ಯಾಶಾಸ್ತ್ರಕ್ಕೆ ಎಂಟಕ್ಕೊಂದನ್ನು ಆರಿಸಿ, ಇಲ್ಲದಿದ್ದರೆ ಸಂಬಂಧಗಳು ಸುಳ್ಳೇ ಬಲವಾಗಿ ಕಾಣುತ್ತವೆ. ಖಾಲಿ ಜಾಗದಲ್ಲಿ -9999 ಇರುತ್ತದೆ, ಅದನ್ನು ಮಾಸ್ಕ್ ಮಾಡಿದ (ಲೆಕ್ಕದಿಂದ ಹೊರಗಿಟ್ಟ) ಮೇಲೆಯೇ ಸರಾಸರಿ ತೆಗೆಯಿರಿ.

ಕಡಲೊಳಗೇ ಇಳಿದು ಏರಿ ಲವಣಾಂಶ ಅಳೆಯುವ ಆರ್ಗೋ ತೇಲುಯಂತ್ರಕ್ಕೆ ಹೋಲಿಸುವಾಗಲೂ ಎಚ್ಚರ. ಸ್ಮ್ಯಾಪ್ ನೋಡುವುದು ಮೇಲಿನ ಒಂದು ಸೆಂಟಿಮೀಟರ್. ಆರ್ಗೋದ ಮೊದಲ ಓದು ಸಾಮಾನ್ಯವಾಗಿ ಸುಮಾರು 5 ಮೀಟರ್ ಕೆಳಗೆ. ಗಾಳಿಯಿಲ್ಲದ ದಿನ ಜೋರು ಮಳೆ ಬಿದ್ದರೆ ಸಿಹಿನೀರು ಮೇಲೆಯೇ ನಿಂತು, ಎರಡೂ ಸರಿಯಾಗಿದ್ದೂ ತಾಳೆಯಾಗುವುದಿಲ್ಲ. ಮಳೆ ದತ್ತಾಂಶ ಪಕ್ಕದಲ್ಲಿಟ್ಟುಕೊಂಡು ಅಂಥ ಜೋಡಿಗಳನ್ನು ಬೇರ್ಪಡಿಸಿ. 2019ರ ಜೂನ್–ಜುಲೈ ಮತ್ತು 2022ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಉಪಗ್ರಹದ ಅಳತೆಯೇ ನಿಂತಿತ್ತು. ಆ ಎರಡು ಮುಂಗಾರುಗಳಿಗೆ ಯೂರೋಪಿನ ಸ್ಮೋಸ್ ಉಪಗ್ರಹದ ದತ್ತಾಂಶ ನೋಡಬೇಕು.