ಮೂಳೆ ಬಯಾಪ್ಸಿಗೆ ರೆಡಿಮೇಡ್ ಇಡಿಟಿಎ ದ್ರಾವಣ: ಬಳಸುವವಳ ಮಾತು

ಬೋನ್ ಮ್ಯಾರೋ ಬಯಾಪ್ಸಿಗೆ, ಅಂದರೆ ಪರೀಕ್ಷೆಗೆ ತೆಗೆದ ಮಜ್ಜೆಯಿರುವ ಮೂಳೆ ತುಂಡಿಗೆ, ನಾನೀಗ ರೆಡಿಮೇಡ್ ಇಡಿಟಿಎ ದ್ರಾವಣವನ್ನೇ ಬಳಸುತ್ತಿದ್ದೇನೆ. ಮೂಳೆಯನ್ನು ತೆಳುವಾಗಿ ಕೊಯ್ದು ಸ್ಲೈಡ್ ಮಾಡಬೇಕಾದರೆ ಮೊದಲು ಅದರ ಸುಣ್ಣ (ಕ್ಯಾಲ್ಸಿಯಂ) ತೆಗೆಯಬೇಕು, ಈ ರಾಸಾಯನಿಕದ ಕೆಲಸ ಅದೇ. ಪಿಎಚ್ 7ರ ಆಸುಪಾಸಿಗೆ ಹೊಂದಿಸಿಯೇ ಬರುತ್ತದೆ. ಪುಡಿ ತಂದು ತಾವೇ ಕಲಸಿದವರಿಗೆ ಇದು ಎಷ್ಟು ಅನುಕೂಲ ಅಂತ ಗೊತ್ತು. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ ಏರಿಸುವ ತನಕ ಆ ಪುಡಿ ಪೂರ್ತಿ ಕರಗುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಸ್ಲೈಡ್. ಸುಣ್ಣ ತೆಗೆಯಲು ನೈಟ್ರಿಕ್ ಆಸಿಡ್ ಬಳಸಿದರೆ, ಅದರಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಉಳಿದ ತುಂಡಿಗೆ ನ್ಯೂಕ್ಲಿಯಸ್‌ಗೆ ನೀಲಿ ಕೊಡುವ ಬಣ್ಣ ಹೆಮಟಾಕ್ಸಿಲಿನ್ ಹಿಡಿಯುವುದೇ ಇಲ್ಲ. ಎಲ್ಲಿ ನೋಡಿದರೂ ಜೊತೆಗೆ ಹಾಕುವ ಇಯೋಸಿನ್‌ನ ಗುಲಾಬಿ ಬಣ್ಣ, ನ್ಯೂಕ್ಲಿಯಸ್ ಇದ್ದ ಕಡೆ ಮಸುಕು. ಇಡಿಟಿಎಯಲ್ಲಿಟ್ಟ ತುಂಡಿನಲ್ಲಿ ನ್ಯೂಕ್ಲಿಯಸ್‌ಗಳು ಗಟ್ಟಿ ನೀಲಿಯಾಗಿ, ಅಂಚು ಸ್ಪಷ್ಟವಾಗಿ ಕಾಣುತ್ತವೆ. ಆಸಿಡ್ ಸುಣ್ಣದ ಜೊತೆಗೆ ಡಿಎನ್‌ಎಯನ್ನೂ ಹಾಳು ಮಾಡುತ್ತದೆ. ಇಡಿಟಿಎ ಹಾಗಲ್ಲ, ಕ್ಯಾಲ್ಸಿಯಂ ಅಯಾನನ್ನು ಹಿಡಿದು ಹೊರಗೆ ಎಳೆಯುತ್ತದೆ. ಮುಂದೆ ಇಮ್ಯುನೋ ಸ್ಟೇನ್ (ಜೀವಕೋಶದ ಪ್ರೋಟೀನ್‌ಗಳನ್ನು ಆ್ಯಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ), ಜೀನ್ ಪರೀಕ್ಷೆ ಬೇಕಾದರೆ ಇದೇ ಸರಿ.

ಆದರೆ ನಿಧಾನ. ಸೂಜಿಯಿಂದ ತೆಗೆದ ಸಣ್ಣ ಮ್ಯಾರೋ ತುಂಡಿಗೆ ಒಂದೆರಡು ದಿನ ಹಿಡಿಯಬಹುದು, ದಪ್ಪ ಗಟ್ಟಿ ಮೂಳೆಗೆ ವಾರಗಟ್ಟಲೆ. ರಿಪೋರ್ಟ್‌ಗೆ ಕಾಯುವ ರೋಗಿಗೆ ಅದು ಸಣ್ಣ ಮಾತಲ್ಲ. ಹಾಗಾಗಿ ತೊಡೆಮೂಳೆಯ ತಲೆಯಂಥ ದೊಡ್ಡ ತುಂಡುಗಳಿಗೆ ಇದಕ್ಕಿಂತ ಬೇಗ ಸುಣ್ಣ ತೆಗೆಯುವ ಫಾರ್ಮಿಕ್ ಆಸಿಡ್ ಅನ್ನು ನಾನು ಬಿಟ್ಟಿಲ್ಲ.

ಬಾಟಲಿಯ ಮೇಲಿನ ಸೂಚನೆ ಮಾತ್ರ ಸಾಲದು. ‘ಮೆತ್ತಗಾಗುವವರೆಗೆ ಇಡಿ’ ಅಂತ ಬರೆದರೆ ಹೊಸಬರು ಸೂಜಿ ಚುಚ್ಚಿಯೇ ನೋಡುತ್ತಾರೆ, ಅಲ್ವಾ? ಆ ತೂತು ಸ್ಲೈಡ್‌ನಲ್ಲೂ ಕಾಣುತ್ತದೆ. ದ್ರಾವಣದಲ್ಲಿ ಕ್ಯಾಲ್ಸಿಯಂ ಇದ್ದರೆ ಬಿಳಿ ಗಸಿ ತೋರಿಸುವ ಅಮೋನಿಯಂ ಆಕ್ಸಲೇಟ್ ಪರೀಕ್ಷೆಯನ್ನೂ ಇಲ್ಲಿ ನೇರವಾಗಿ ನಂಬುವಂತಿಲ್ಲ. ಕ್ಯಾಲ್ಸಿಯಂ ಇಡಿಟಿಎಯ ಹಿಡಿತದಲ್ಲೇ ಇರುವುದರಿಂದ, ದ್ರಾವಣವನ್ನು ಮೊದಲು ಹುಳಿ (ಆಮ್ಲೀಯ) ಮಾಡದಿದ್ದರೆ ಬಿಳಿ ಗಸಿ ಬರುವುದಿಲ್ಲ. ನೋಡಿದವರು ಸುಣ್ಣ ಪೂರ್ತಿ ಹೋಯಿತು ಅಂದುಕೊಳ್ಳುತ್ತಾರೆ. ಎಕ್ಸ್‌ರೇ ಸೌಲಭ್ಯ ಇದ್ದರೆ ಸುಣ್ಣ ಉಳಿದಿದೆಯೇ ಅಂತ ಅದರಲ್ಲೇ ನೋಡಿ. ಕಂಪನಿಯವರು ಇಷ್ಟನ್ನಾದರೂ ಲೇಬಲ್ ಮೇಲೆ ಹಾಕಬೇಕಿತ್ತು.

ತರಿಸಿಕೊಳ್ಳುವವರಿಗೆ ಒಂದೆರಡು ಮಾತು. ತುಂಡು ಫಾರ್ಮಲಿನ್‌ನಲ್ಲಿ ಚೆನ್ನಾಗಿ ಫಿಕ್ಸ್ ಆದ (ಕೆಡದಂತೆ ಸ್ಥಿರವಾದ) ಮೇಲೆಯೇ ಇದಕ್ಕೆ ಹಾಕಿ. ದ್ರಾವಣ ತುಂಡಿನ 20 ಪಟ್ಟಾದರೂ ಇರಲಿ, ಆಗಾಗ ಬದಲಿಸಿ. ತುಂಡು ತಳದಲ್ಲಿ ಸುಮ್ನೆ ಬಿದ್ದಿರುವುದು ಬೇಡ, ಗಾಜ್ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ. ಇಷ್ಟಾದರೂ ತೆಳುವಾಗಿ ಕೊಯ್ಯುವ ಯಂತ್ರ ಮೈಕ್ರೋಟೋಮ್‌ನಲ್ಲಿ ಬ್ಲೇಡ್ ಕರಕರ ಅಂದರೆ ಅಲ್ಲಿಗೇ ನಿಲ್ಲಿಸಿ. ಮೇಣದಲ್ಲಿ ಕೂರಿಸಿದ ತುಂಡಿನ (ಬ್ಲಾಕ್‌ನ) ಮುಖವನ್ನು ಸ್ವಲ್ಪ ಹೊತ್ತು ಆಸಿಡ್‌ಗೆ ಬೋರಲು ಹಾಕಿ, ತೊಳೆದು, ಮೊದಲ ಕೆಲವು ಸೆಕ್ಷನ್‌ಗಳನ್ನೇ (ತೆಳು ಪದರಗಳನ್ನೇ) ಎತ್ತಿಕೊಳ್ಳಿ. ಆಸಿಡ್ ಮೇಲ್ಮೈಗಷ್ಟೇ ತಾಗುವುದರಿಂದ ಒಳಗಿನ ಸುಣ್ಣ ಹಾಗೇ ಇರುತ್ತದೆ.