ಉಪ್ಪುಗಾಳಿಯ ಊರಲ್ಲಿ ಹೈ-ಫೈ: ಹಳೇ ಆಂಪ್, ಹೊಸ ವಾರ್ಫ್‌ಡೇಲ್ ಡೈಮಂಡ್ 12.1

ವಾರ್ಫ್‌ಡೇಲ್ ಡೈಮಂಡ್ 12.1 ಸ್ಪೀಕರ್ ಜೋಡಿ ನಮ್ಮ ಮನೆಗೆ ಬಂದ ಮೇಲೆ ಕೆಲವು ಮಳೆಗಾಲ ಕಳೆದಿವೆ. ಡಬ್ಬಿ ಬಿಚ್ಚಿದ ವಾರವೇ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಕಾರವಾರದ ಕೋಡಿಬಾಗದಲ್ಲಿ, ಉಪ್ಪುಗಾಳಿ ನೇರ ಒಳಗೆ ಬರುವ ಹಂಚಿನ ಮನೆಯಲ್ಲಿ ಇವು ಹೇಗೆ ಬಾಳಿವೆ ಅನ್ನೋದನ್ನು ಹೇಳುವವರು ಕಡಿಮೆ. ಹಾಗಾಗಿ ಇದು.

ಮೊದಲು ಇದ್ದದ್ದು ಅಪ್ಪ ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯಿಂದ ತಂದ ಸೆಟ್. ಸುಮಾರು 40 ವಾಟಿನ ದೇಶಿ ಆಂಪ್ (ಆಂಪ್ಲಿಫೈಯರ್), ಜೊತೆಗೆ ಸೊಂಟದೆತ್ತರದ ಎರಡು ಸ್ಪೀಕರ್. ದನಿ ಒಡೆಯತೊಡಗಿದಾಗ ಮುಂದಿನ ಬಟ್ಟೆ ತೆಗೆದು ನೋಡಿದೆ. ಕೋನ್ ಸುತ್ತಲಿನ ಫೋಮ್ ಅಂಚು ಮುಟ್ಟಿದರೆ ಕೈಗೆ ಕಪ್ಪು ಅಂಟು, ಒತ್ತಿದರೆ ಪುಡಿ. ಸೆಕೆ, ತೇವ ಎರಡೂ ಇರುವ ಕಡೆ ಆ ಕಾಲದ ಫೋಮ್‌ಗೆಲ್ಲ ಇದೇ ಗತಿ. ಆಂಪ್ ಮಾತ್ರ ಗಟ್ಟಿಮುಟ್ಟಾಗಿತ್ತು. ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು, ಅಷ್ಟೇ. ಗುಬುಟಿನೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಹತ್ತಿಪ್ಪತ್ತು ಸಲ ಆಚೀಚೆ ತಿರುಗಿಸಿದ ಮೇಲೆ ಅದೂ ನಿಂತಿತು.

ಕೈಯಲ್ಲಿದ್ದದ್ದು 40 ಸಾವಿರದ ಒಳಗೆ. ಅಂಗಡಿಯವರು ಆಂಪ್ ಬದಲಿಸಿ, 80 ವಾಟಿನದ್ದು ಹಾಕಿ ಅಂದರು. ವಾಟ್ ಎರಡು ಪಟ್ಟಾದರೆ ದನಿ ಏರುವುದು ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಹತ್ತು ಪಟ್ಟು ವಾಟ್. ಡೈಮಂಡ್ 12.1ರ ಸೆನ್ಸಿಟಿವಿಟಿ, ಅಂದರೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಕೇಳುವ ದನಿ, 88 ಡೆಸಿಬಲ್. ಮನೆಯವರ ಜೊತೆ ಮಾತಾಡುತ್ತಾ ಕೇಳುವಷ್ಟು ದನಿಗೆ ಇದಕ್ಕೆ ಒಂದು ವಾಟ್ ಕೂಡ ಬೇಡ. ಹಾಗಾಗಿ ದುಡ್ಡಿನ ದೊಡ್ಡ ಪಾಲನ್ನು ಸ್ಪೀಕರಿಗೇ ಹಾಕಿದೆ. ತಗ್ಗು ದನಿಗೆ ಐದು ಇಂಚಿನ ವೂಫರ್, ಅದಕ್ಕೆ ರಬ್ಬರ್ ಅಂಚು, ಏರು ದನಿಗೆ ಬಟ್ಟೆಯ ಗುಮ್ಮಟದ ಟ್ವೀಟರ್. ಇಲ್ಲಿಯವರೆಗೆ ರಬ್ಬರ್ ಬಿರಿದಿಲ್ಲ, ಅಂಟಾಗಿಲ್ಲ.

ದನಿಯ ವಿಷಯಕ್ಕೆ ಬರೋಣ. ನಮ್ಮ ಮನೆಯಲ್ಲಿ ಜಾಸ್ತಿ ಕೇಳುವುದು ಹಿಂದುಸ್ತಾನಿ ಗಾಯನ ಮತ್ತು ಯಕ್ಷಗಾನ. ಕಂಪನಿಯ ಲೆಕ್ಕದಲ್ಲಿ ಈ ಸ್ಪೀಕರ್ ತಗ್ಗು ದನಿಯಲ್ಲಿ 65 ಹರ್ಟ್ಸ್‌ವರೆಗೆ ಇಳಿಯುತ್ತದೆ. ಗಂಡಸರು ಕಪ್ಪು ಒಂದರ ಶ್ರುತಿಯಲ್ಲಿ ಹಾಡುವಾಗ ತಂಬೂರಿಯ ಖರಜದ (ಎಲ್ಲಕ್ಕಿಂತ ತಗ್ಗು ದನಿಯ) ತಂತಿ ಇರುವುದು ಸುಮಾರು 69 ಹರ್ಟ್ಸ್‌ನಲ್ಲಿ. ಅಂದರೆ ಅಂಚಿಗೆ ಬಂದು ಮುಟ್ಟುತ್ತದೆ. ಹಳೇ ಸ್ಪೀಕರಿನಲ್ಲಿ ತಂಬೂರಿ ಹಿಂದೆಲ್ಲೋ ಗುಂಯ್ ಅನ್ನುತ್ತಿತ್ತು. ಇದರಲ್ಲಿ ನಾಲ್ಕು ತಂತಿಯೂ ಬೇರೆ ಬೇರೆ ಕೇಳುತ್ತವೆ, ಖರಜ ಮೀಟಿದ ಮೇಲೆ ಅದು ನಿಧಾನ ಆರುವುದೂ ಕೇಳುತ್ತದೆ. ನನಗೆ ಕೊಟ್ಟ ದುಡ್ಡು ಅಲ್ಲಿಗೇ ಸಂದಿತು.

ಬಡಗುತಿಟ್ಟಿನ ಚಂಡೆ ಇನ್ನೊಂದು ಪರೀಕ್ಷೆ. ಅದರ ಏರು ದನಿಗೆ ಅಗ್ಗದ ಟ್ವೀಟರುಗಳು ಕಿವಿಗೆ ಚುಚ್ಚುತ್ತವೆ. ಇದು ಚುಚ್ಚುವುದಿಲ್ಲ, ಹಾಗಂತ ಮೊಂಡೂ ಮಾಡುವುದಿಲ್ಲ. ಒಂದು ಕಿರಿಕಿರಿ ಇದೆ. ಕ್ಯಾಸೆಟ್‌ನಿಂದ ಇಳಿಸಿಕೊಂಡ ಹಳೇ ತಾಳಮದ್ದಳೆಗಳಲ್ಲಿ ಟೇಪಿನ ಸುಯ್ಯೆನ್ನುವ ಸದ್ದೂ ಈಗ ಚೆನ್ನಾಗಿ ಕೇಳುತ್ತದೆ! ಅರ್ಥ ಹೇಳುವವರ ಮಾತು ಬಿಸಿಯೇರಿದ ಮೇಲೆ ಅದು ಗಮನಕ್ಕೆ ಬರುವುದಿಲ್ಲ ಬಿಡಿ.

ಇಡುವ ಜಾಗಕ್ಕೆ ಕೊಟ್ಟ ಗಮನ ದುಡ್ಡಿಗಿಂತ ಹೆಚ್ಚು ಕೆಲಸ ಮಾಡಿತು. ಇದರ ಪೋರ್ಟ್, ಅಂದರೆ ಡಬ್ಬಿಯೊಳಗಿನ ಗಾಳಿ ಹೊರಬರುವ ತೂತು, ಹಿಂಬದಿಗಿದೆ. ಗೋಡೆಗೆ ಒತ್ತಿ ಮೂಲೆಗೆ ಇಟ್ಟರೆ ಬಾಸ್ (ತಗ್ಗು ದನಿ) ಗುಮ್ಮೆನ್ನುತ್ತದೆ, ಮಾತು ಮಸುಕಾಗುತ್ತದೆ. ಒಂದಡಿ ಮುಂದೆ ಎಳೆದರೆ ಬಿಡಿಸಿಕೊಳ್ಳುತ್ತದೆ. ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ ಬರಬೇಕು. ಅಂಗಡಿಯ ಸ್ಟ್ಯಾಂಡಿಗೆ ಕೇಳಿದ ರೇಟಿಗೆ ಇನ್ನೊಂದು ಸಣ್ಣ ಸ್ಪೀಕರ್ ಬರುತ್ತಿತ್ತು. ಹಿತ್ತಲಲ್ಲಿ ಕಾಂಪೌಂಡ್ ಕಟ್ಟಿ ಉಳಿದ ಚಿರೇಕಲ್ಲು ಇದ್ದವು. ಒಂದರ ಮೇಲೊಂದು ಪೇರಿಸಿ, ನಡುವೆ ಸಿಮೆಂಟ್ ಹಾಕಿ, ಕೆಂಪು ಪುಡಿ ಉದುರದಂತೆ ಎರಡು ಕೋಟ್ ಬಣ್ಣ ಬಳಿಸಿದೆ. ಮೇಲೆ ಸೈಕಲ್ ಟ್ಯೂಬಿನ ತುಂಡು. ಅಲುಗುವುದಿಲ್ಲ, ನಡುಗುವುದಿಲ್ಲ. ನೋಡಲು ತುಳಸಿಕಟ್ಟೆಯ ತಮ್ಮನ ಹಾಗಿದೆ ಅಂತ ಮನೆಯಲ್ಲಿ ಮಾತು ಕೇಳಬೇಕಾಯಿತು. ಸಿಮೆಂಟ್ ನೆಲದ ಮಾರ್ದನಿಗೆ ಮುಂದೆ ದಪ್ಪ ಜಮಖಾನೆ ಹಾಸಿದ್ದೇವೆ.

ವೈರಿಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಎಲೆಕ್ಟ್ರಿಕ್ ಅಂಗಡಿಯ 1.5 ಚದರ ಮಿ.ಮೀ. ತಾಮ್ರದ ವೈರ್ ಸಾಕು. ಮೂರು ಮೀಟರ್ ದೂರಕ್ಕೆ, ಹೋಗಿಬರುವುದೆಲ್ಲ ಸೇರಿ, ಅದರ ರೆಸಿಸ್ಟೆನ್ಸ್ ಸುಮಾರು 0.07 ಓಮ್. 8 ಓಮಿನ ಸ್ಪೀಕರಿಗೆ ಅದು ಲೆಕ್ಕಕ್ಕೇ ಇಲ್ಲ. ಇಲ್ಲಿನ ನಿಜವಾದ ಶತ್ರು ಕಿಲುಬು. ಮಳೆಗಾಲ ಮುಗಿದ ಮೇಲೆ ಟರ್ಮಿನಲ್ ಸಡಿಲಿಸಿ ನೋಡಿದರೆ ತಾಮ್ರದ ತುದಿ ಹಸಿರಾಗಿರುತ್ತದೆ. ವರ್ಷಕ್ಕೊಮ್ಮೆ ಆ ತುದಿಯನ್ನು ಅರ್ಧ ಇಂಚು ಕತ್ತರಿಸಿ, ಹೊಸದಾಗಿ ಸುಲಿದು ಸಿಕ್ಕಿಸಿ. ಅದಕ್ಕಾಗಿಯೇ ವೈರ್ ಸ್ವಲ್ಪ ಉದ್ದ ಬಿಟ್ಟಿರಿ.

ಹಾಡು ಬರುವುದು ಫೋನಿನಿಂದ, ಟೈಪ್-ಸಿ ಡಾಂಗಲ್ ಮೂಲಕ. ಸಿಡಿಯ 16 ಬಿಟ್, 44.1 ಕಿಲೋಹರ್ಟ್ಸ್‌ಗೆ ಅದು ಧಾರಾಳ ಸಾಲುತ್ತದೆ. ಇದೇ ಕೆಲಸಕ್ಕೆ ದೊಡ್ಡ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪಿಗೆ ಬೇಕಾದ ಸಿಗ್ನಲ್ ಮಾಡುವ ಪೆಟ್ಟಿಗೆ) ತಗೊಳ್ಳಬೇಕು ಅಂತ ನನಗೆ ಇನ್ನೂ ಅನ್ನಿಸಿಲ್ಲ.

ಜುಲೈನಲ್ಲಿ ಮರದ ಕಪಾಟಿನ ಹಿಂದೆಲ್ಲ ಬೂಷ್ಟು ಬರುವ ಮನೆ ನಮ್ಮದು. ಆ ತಿಂಗಳುಗಳಲ್ಲಿ ಸೆಟ್ಟನ್ನು ದಿನಾ ಸ್ವಲ್ಪ ಹೊತ್ತು ಹಚ್ಚಿಡುತ್ತೇನೆ. ಆಂಪಿನ ಬಿಸಿಗೆ ಒಳಗಿನ ತೇವ ಆರುತ್ತದೆ. ಚೆಂದ ಕಾಣಲಿ ಅಂತ ಆಂಪ್ ಮೇಲೆ ಕ್ರೋಶಾ ಬಟ್ಟೆ ಹೊದಿಸಬೇಡಿ, ಬಿಸಿ ಹೋಗಲು ದಾರಿ ಬೇಕು. ಹಲ್ಲಿ ನುಗ್ಗದಂತೆ ಮೇಲಿನ ಸೀಳುಗಳ ಮೇಲೆ ಸೊಳ್ಳೆ ಜಾಲರಿಯ ತುಂಡು ಇಟ್ಟಿದ್ದೇನೆ. ಸ್ಪೀಕರ್ ಡಬ್ಬಿ ಮರದ ಪುಡಿ ಒತ್ತಿ ಮಾಡಿದ ಹಲಗೆಯದ್ದು, ನೀರು ಕುಡಿದರೆ ಉಬ್ಬುತ್ತದೆ. ಹಂಚು ಸೋರುವ ಜಾಗದಿಂದ ದೂರ ಇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ.

ಇನ್ನು ಕರೆಂಟ್. ಕೈಗಾದ ಅಣು ವಿದ್ಯುತ್ ಸ್ಥಾವರ, ಕದ್ರಾದ ಜಲವಿದ್ಯುತ್ ಅಣೆಕಟ್ಟು ಎರಡೂ ನಮ್ಮ ತಾಲೂಕಿನಲ್ಲೇ ಇವೆ, ಆದರೂ ಗಾಳಿಮಳೆಗೆ ದೀಪ ಹೋಗುವುದು ತಪ್ಪಿಲ್ಲ. ಹೋಗುವುದಕ್ಕಿಂತ ತಿರುಗಿ ಬರುವ ಕ್ಷಣವೇ ಅಪಾಯ. ಆಂಪಿನ ಸ್ವಿಚ್ ಆರಿಸಿಟ್ಟು, ಐದು ನಿಮಿಷ ಬಿಟ್ಟು ಹಚ್ಚಿ. ಮೇ ಮತ್ತು ಅಕ್ಟೋಬರಿನ ಗುಡುಗಿಗೆ ಸ್ಪೈಕ್ ಬಸ್ಟರ್ ನಂಬಿ ಕೂರಬೇಡಿ, ಪ್ಲಗ್ಗನ್ನೇ ಕಿತ್ತಿಡಿ.

ಯಾರಿಗೆ ಇದು ಬೇಡ? ಸಿನಿಮಾ ನೋಡುವಾಗ ನೆಲ ಅದುರಬೇಕು ಅನ್ನುವವರಿಗೆ. ಐದು ಇಂಚಿನ ಕೋನ್‌ಗೆ ಅಷ್ಟು ಗಾಳಿ ತಳ್ಳಲು ಆಗದು, ಅವರಿಗೆ ಸಬ್‌ವೂಫರ್ ಬೇಕೇ ಬೇಕು. ಇಷ್ಟು ದುಡ್ಡೂ ಇಲ್ಲ ಅಂದರೆ ಯಾರಾದರೂ ಮಾರುವ ಹಳೇ ಜೋಡಿ ನೋಡಿ. ಹೋಗುವಾಗ ಟಾರ್ಚ್ ಮತ್ತು ನಿಮಗೆ ಚೆನ್ನಾಗಿ ಗೊತ್ತಿರುವ ಹಾಡು ಒಯ್ಯಿರಿ. ಜಾಲರಿ ತೆಗೆಸಿ ಅಂಚು ಪರೀಕ್ಷಿಸಿ. ಕೋನನ್ನು ಎರಡೂ ಬದಿಯಿಂದ ಸಮನಾಗಿ, ಮೆಲ್ಲಗೆ ಒತ್ತಿ. ಒಳಗೆ ಕೆರೆದ ಸದ್ದು ಬಂದರೆ ಕೋನ್ ಹಿಂದಿನ ಕಾಯಿಲ್ (ತಂತಿಸುರುಳಿ) ಉಜ್ಜುತ್ತಿದೆ ಅಂತ ಲೆಕ್ಕ. ಬ್ಯಾಲೆನ್ಸ್ ಗುಬುಟು ತಿರುಗಿಸಿ ಒಂದೊಂದೇ ಸ್ಪೀಕರ್ ಕೇಳಿ, ಟ್ವೀಟರಿಗೆ ಕಿವಿ ಹತ್ತಿರ ಇಟ್ಟು. ಒಂದು ಟ್ವೀಟರ್ ಸತ್ತಿದ್ದರೂ ಎರಡೂ ಒಟ್ಟಿಗೆ ಹಾಡುವಾಗ ಗೊತ್ತೇ ಆಗುವುದಿಲ್ಲ.